ಹರಿಯುವ ನೀರಿಗೆ ಮೈಲಿಗೆಯಿಲ್ಲವೇ?

ಹರಿಯುವ ನೀರಿಗೆ ಮೈಲಿಗೆಯಿಲ್ಲ ಎನ್ನುತ್ತಾರೆ ಹಿರಿಯರು. ಈ ಮಾತು ನೀರಿನ ಗುಣವನ್ನು ಹೊಗಳುತ್ತದೆಯೋ, ನಮ್ಮ ಹೊಣೆಯನ್ನು ಹಗುರ ಮಾಡುತ್ತದೆಯೋ? ಭಾಗಮಂಡಲಕ್ಕೆ ಹೋಗಿ ಬಂದಾಗಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಮೈಸೂರಿನಿಂದ ಹತ್ತು ಮಂದಿ ವ್ಯಾನು ಮಾಡಿಕೊಂಡು ಹೊರಟಿದ್ದೆವು. ಗ್ಯಾಸ್ ಒಲೆ, ಅಕ್ಕಿ, ಬೇಳೆ, ಹಾಸಿಗೆ, ಕೊನೆಗೆ ಉಪ್ಪಿನಕಾಯಿ ಜಾಡಿ ಕೂಡ. ಮನೆಯೇ ಗಾಲಿ ಕಟ್ಟಿಕೊಂಡು ಬಂದ ಹಾಗಿತ್ತು. ಇಂಥ ಪ್ರಯಾಣದಲ್ಲಿ ಸುಖವಿದೆ, ಯಾರ ಹಂಗೂ ಇಲ್ಲ. ಆದರೆ ನೆಂಟರ ಮನೆಯಲ್ಲಾದರೆ ಉಂಡ ಎಲೆಯನ್ನು ಎಲ್ಲಿ ಹಾಕಲಿ ಎಂದು ಕೇಳುತ್ತೇವೆ. ಹಂಗಿಲ್ಲದ ಊರಿನಲ್ಲಿ ಯಾರನ್ನು ಕೇಳುವುದು?

ಭಾಗಮಂಡಲ ಹಳೆಯ ಊರು. ಕಾವೇರಿ, ಕನ್ನಿಕೆ ಮತ್ತು ಕಣ್ಣಿಗೆ ಕಾಣದ ಸುಜ್ಯೋತಿ ಸೇರುವ ತ್ರಿವೇಣಿ ಸಂಗಮ. ಪಕ್ಕದಲ್ಲೇ ಕೇರಳದ ಮಾದರಿಯ ಇಳಿಜಾರು ಮಾಡಿನ ಭಗಂಡೇಶ್ವರ ದೇವಸ್ಥಾನ. ಟಿಪ್ಪುವಿನ ಕಾಲದಲ್ಲಿ ಈ ಊರಿಗೆ ಅಫ್ಜಲಾಬಾದ್ ಎಂದು ಹೆಸರಾಯಿತು. 1790ರಲ್ಲಿ ದೊಡ್ಡವೀರರಾಜೇಂದ್ರ ಮರಳಿ ಗೆದ್ದ. ತಲಕಾವೇರಿ ಇಲ್ಲಿಂದ ಎಂಟು ಕಿ.ಮೀ. ಅಷ್ಟೇ. ಸಂಗಮದಲ್ಲಿ ಕಾವೇರಿ ಇನ್ನೂ ಎಳೆಯ ಹುಡುಗಿ.

ಅಣ್ಣ ತೀರಿಕೊಂಡು ವರ್ಷವಾಗಿತ್ತು. ಅವನ ಶಾಲನ್ನು ಸಂಗಮದಲ್ಲಿ ಬಿಡಲೆಂದು ಅತ್ತಿಗೆ ತಂದಿದ್ದರು. ಯಾರೋ ಬಿಟ್ಟ ಬಟ್ಟೆಗಳು ಆಗಲೇ ಕಲ್ಲುಗಳಿಗೆ ಸುತ್ತಿಕೊಂಡಿದ್ದವು. "ಇಷ್ಟು ನೀರಿನಲ್ಲಿ ಒಂದು ಶಾಲು ಏನು ಮಹಾ?" ಎಂದರು. ದುಃಖದಲ್ಲಿರುವವರಿಗೆ ಬುದ್ಧಿ ಹೇಳುವುದು ಕ್ರೌರ್ಯವೆನಿಸುತ್ತದೆ. ಹಾಗೆಂದು ಸುಮ್ಮನಿರುವುದು ದಯೆಯೇ? ಅತ್ತಿಗೆಗೆ ದಯೆ, ಸರಿ. ಕೆಳಗಿನ ಊರಿನಲ್ಲಿ ಕೊಡ ತುಂಬುವವಳಿಗೆ? "ಅತ್ತಿಗೆ, ನಮ್ಮ ನಲ್ಲಿಯಲ್ಲಿ ಬರುವುದೂ ಇದೇ ನೀರು" ಎಂದೆ. ಅವರು ಶಾಲನ್ನು ಮೂರು ಸಲ ಮುಳುಗಿಸಿ, ಹಿಂಡಿ, ಚೀಲಕ್ಕೆ ಹಾಕಿಕೊಂಡರು. ಮಡಿಕೇರಿಯವರೆಗೆ ನನ್ನೊಡನೆ ಮಾತಾಡಲಿಲ್ಲ.

ನಲ್ಲಿಯ ಮಾತು ಸ್ವಾರ್ಥದ್ದೇ. ನದಿ ನಮ್ಮ ನಲ್ಲಿಗೇ ನಿಲ್ಲುವುದಿಲ್ಲ. ಸುಮಾರು 800 ಕಿ.ಮೀ. ಹರಿದು ತಮಿಳುನಾಡಿನಲ್ಲಿ ಕಡಲು ಸೇರುತ್ತದೆ. ಆ ರಾಜ್ಯಕ್ಕೆ ವರ್ಷಕ್ಕೆ 177.25 ಟಿಎಂಸಿ ಅಡಿ ನೀರು ಬಿಡಬೇಕೆಂದು 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ನೀರಿನ ಅಳತೆಗಾಗಿ ಇಷ್ಟು ಜಗಳವಾಡುವ ನಾವು, ಬಿಡುವ ನೀರು ಹೇಗಿರಬೇಕೆಂದು ಎಷ್ಟು ಸಲ ಕೇಳಿಕೊಂಡಿದ್ದೇವೆ?

ಮನೆಯಲ್ಲಿ ಎಲ್ಲರ ಊಟವಾದ ಮೇಲೆ ಕೂರುವವರು ನಾವು ಹೆಂಗಸರು. ತಳದ ಅನ್ನದ ರುಚಿ ನಮಗೆ ಗೊತ್ತು. ನದಿಯ ಪಂಕ್ತಿಯಲ್ಲೂ ಕೊನೆಯಲ್ಲಿ ಕೂತವರಿದ್ದಾರೆ. ಮುಖ ಕಾಣದ ಅವರಿಗೆ ಕೊಡುವ ಮರ್ಯಾದೆಯೂ ಭಕ್ತಿಯೇ ಎಂದು ನನಗೆ ತೋರುತ್ತದೆ. ಎಲೆ ಹಾಕುವ ಮೊದಲು ಅವರನ್ನೂ ಎಣಿಸಿಕೊಳ್ಳಬೇಕು.