ಅಗೆದವನ ಋಣ

ರಸ್ತೆ ಅಗೆಯುವುದು ತಪ್ಪೇ? ಅಲ್ಲ. ನೀರು ಬೇಕಾದರೆ ನಳ ಬೇಕು. ನಳ ಬೇಕಾದರೆ ನೆಲ ತೋಡಲೇಬೇಕು. ಹಳ್ಳಿಯ ಮನೆಮನೆಗೂ ನಳದ ನೀರೆಂಬ ಯೋಜನೆ 2019ರಲ್ಲಿ ಆರಂಭವಾದ ಮೇಲಂತೂ ಓಣಿ ಓಣಿಗಳಲ್ಲಿ ಅಗೆತದ ಸದ್ದು. ಸಂತೆಯ ದಿನ ಗಜೇಂದ್ರಗಡದ ಪೇಟೆಯಲ್ಲಿ ಅರ್ಧ ರಸ್ತೆ ಅಗೆದರೆ ಸಾಕು, ಬಸ್ಸು, ಟ್ರ್ಯಾಕ್ಟರು, ಚಕ್ಕಡಿ ಎಲ್ಲ ಎದುರುಬದುರಾಗಿ ನಿಂತುಬಿಡುತ್ತವೆ. ಅದನ್ನೂ ಸಹಿಸಬಹುದು. ತಪ್ಪಿರುವುದು ಅಗೆಯುವುದರಲ್ಲಲ್ಲ, ಅಗೆದು ಹೊರಟುಹೋಗುವುದರಲ್ಲಿ.

ಹೀಗೆ ಹೇಳಲು ನನಗೆಷ್ಟು ಅಧಿಕಾರವಿದೆಯೋ ತಿಳಿಯದು. ರೋಣದ ನಮ್ಮ ಓಣಿಯಲ್ಲಿ ಹೋದ ವರ್ಷ ಮನೆಗೆ ಹೊಸ ನಳ ಹಾಕಿಸಿದೆ. ಶುಲ್ಕ ಕಟ್ಟಿದೆ, ರಸೀದಿ ಪಡೆದೆ. ರಸ್ತೆಗೆ ಅಡ್ಡಲಾಗಿ ತೋಡಿಸಿದ ತಗ್ಗನ್ನು ಸಂಜೆ ಅದೇ ಮಣ್ಣೆಳೆದು ಮುಚ್ಚಿಸಿದೆ. ಎರಡು ಮಳೆ ಬಿದ್ದವು. ಒಂದು ನಸುಕಿನಲ್ಲಿ ಹಾಲು ಹಾಕುವ ಅಜ್ಜ ಸೈಕಲ್ಲಿನೊಡನೆ ಅಲ್ಲಿಯೇ ಬಿದ್ದ; ಕೈ ಮುರಿಯಿತು. ಎಬ್ಬಿಸಲು ಹೋದಾಗ ಅವನೆಂದ: “ಯಾರ್ ತೋಡ್ಯಾರೋ ಏನೋ ಸರ, ಮುಚ್ಚಾಕ ಪುರಸೊತ್ತ ಇರಲಿಲ್ಲ ಕಾಣಸ್ತೈತಿ.” ರಸೀದಿ ನನ್ನ ಕಪಾಟಿನಲ್ಲಿತ್ತು. ನಾನು ಬಾಯಿ ಬಿಡಲಿಲ್ಲ.

ನಮ್ಮದು ಎರೆಭೂಮಿ. ನೀರು ಕುಡಿದು ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ತೋಡಿದ ಮಣ್ಣನ್ನೇ ಸಡಿಲಾಗಿ ತುಂಬಿದರೆ ಕುಸಿಯದೆ ಇರದು. ಗರಸು ಹಾಕಿ, ನೀರು ಚಿಮುಕಿಸಿ, ಪದರು ಪದರಾಗಿ ಬಡಿಯಬೇಕು. ಇದು ಈ ಸೀಮೆಯ ಒಕ್ಕಲಿಗನಿಗೆಲ್ಲ ಗೊತ್ತಿದ್ದ ಮಾತು.

ನೆಲಕ್ಕೆ ಮರೆವಿಲ್ಲ. ನಮ್ಮ ಹಿರಿಯರು ಜೋಳ ಕಾಯ್ದಿಡಲು ಹಗೇವು ತೋಡುತ್ತಿದ್ದರು. ಕಾಲ ಬದಲಾಯಿತು, ಹಗೇವಿನ ಮೇಲೆ ಮನೆ, ಓಣಿ ಬಂದವು. ಈಚಿನ ವರ್ಷಗಳಲ್ಲಿ ನರಗುಂದದ ಹಳೆಯ ಓಣಿಗಳಲ್ಲಿ ನೆಲ ಕುಸಿದಾಗ, ಮೇಲೇರಿದ ಅಂತರ್ಜಲದ ಜೊತೆಗೆ ಆ ಮರೆತ ಹಗೇವುಗಳೂ ಕಾರಣವೆಂದು ಹೇಳಿದರು. ಅಜ್ಜ ತೋಡಿದ್ದಕ್ಕೆ ಮೊಮ್ಮಗ ಬೆಲೆ ತೆರಬೇಕಾಯಿತು.

ಶುಲ್ಕ ಕಟ್ಟಿದರೆ ಅಪ್ಪಣೆ ದೊರೆಯುತ್ತದೆ, ಋಣ ತೀರುವುದಿಲ್ಲ. ಇಂಗ್ಲೆಂಡಿನಲ್ಲಿ 1991ರ ಕಾನೂನು ಇದನ್ನೇ ವಿಧಿಸಿತು: ಅಗೆದವನೇ ರಸ್ತೆಯನ್ನು ಮೊದಲಿನಂತೆ ಮಾಡಬೇಕು, ಆಮೇಲೂ ಕೆಲವು ವರ್ಷ ಅದಕ್ಕೆ ಹೊಣೆಯಾಗಿರಬೇಕು. ನಮ್ಮಲ್ಲಿ 2023ರ ಮಾರ್ಚಿನಲ್ಲಿ ಕೇಂದ್ರ ಸರಕಾರ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ತಂದಿತು. ಅಗೆಯುವವನು, ನೆಲದೊಳಗೆ ಕೊಳವೆ ತಂತಿ ಹುಗಿದವನು ಮೊದಲೇ ಮಾತಾಡಿಕೊಳ್ಳಲೆಂದು. ನೀರಿನವರು, ಚರಂಡಿಯವರು, ತಂತಿಯವರು ಹೀಗೆ ಕೂಡಿ ಒಮ್ಮೆ ಅಗೆದರೆ ರಸ್ತೆ ಮೂರು ಸಲ ಸಾಯುವುದು ತಪ್ಪುತ್ತದೆ. ಆದರೆ ರಾತ್ರಿ ತಗ್ಗಿನ ಬಳಿ ಒಂದು ದೀಪ ಇಡಬೇಕೆಂಬ ಬುದ್ಧಿಯನ್ನು ಯಾವ ಯಂತ್ರವೂ ಕೊಡಲಾರದು. ಪರಿಚಯದವನಿಗೆ ನೋವಾಗದಂತೆ ನಡೆಯುವುದು ದಾಕ್ಷಿಣ್ಯ. ಮುಖವನ್ನೇ ಕಾಣದವನಿಗಾಗಿ ತಗ್ಗು ಮುಚ್ಚುವುದು ಧರ್ಮ.

ನಾಲ್ಕು ದಿನ ನಿದ್ದೆ ಬಾರದೆ ಕೊನೆಗೆ ಅಜ್ಜನ ಮನೆಗೆ ಹೋಗಿ ನಿಜ ಹೇಳಿದೆ. ಔಷಧದ ಹಣ ಮುಂದಿಟ್ಟೆ. ಅವನು ಅದರ ಕಡೆ ನೋಡಲಿಲ್ಲ.

“ಆತು ಬಿಡ್ರಿ ಸರ. ಮೊದ್ಲ ಗರಸ ಹಾಕಸ್ರಿ, ನಾಳೆ ಮತ್ತೊಬ್ಬ ಬಿದ್ದಾನು.”