ಪೊರೆ

ಕನ್ನಡದಲ್ಲಿ ‘ಪೊರೆ’ ಎಂಬ ಮಾತಿಗೆ ಎರಡು ಮುಖ. ಹಾವು ಕಳಚುವುದೂ ಪೊರೆ, ಕಣ್ಣಿಗೆ ಬರುವುದೂ ಪೊರೆ. ದೇವರೆದುರು ‘ಪೊರೆಯಪ್ಪಾ’ ಎಂದಾಗ ಅದೇ ಮಾತು ‘ಕಾಪಾಡು’ ಎಂದಾಗುತ್ತದೆ. ಕನ್ನಡ ಪಾಠ ಹೇಳುವ ನನಗೆ ಇದು ಹೊಳೆದದ್ದು ವಿಜ್ಞಾನದ ಮೇಡಂ ಹೆರಿಗೆ ರಜೆಗೆ ಹೋಗಿ, ಒಂಬತ್ತನೇ ತರಗತಿಯ ಜೀವಕೋಶದ ಪಾಠ ನನ್ನ ಪಾಲಿಗೆ ಬಂದಾಗ. ಕೋಶಪೊರೆ ಎಂಬ ಹೆಸರಿನಲ್ಲಿ ಎರಡೂ ಅರ್ಥ ಒಟ್ಟಿಗೆ ಕೂತಿವೆ.

ಅದರ ದಪ್ಪ ಒಂದು ಮಿಲಿಮೀಟರಿನ ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಕೊಬ್ಬಿನ ಜಾತಿಯ ಅಣುಗಳು ಎರಡು ಸಾಲಾಗಿ, ಬಾಲಕ್ಕೆ ಬಾಲ ತಾಗಿಸಿ ನಿಂತಿವೆ. ತಲೆಗೆ ನೀರು ಇಷ್ಟ, ಬಾಲಕ್ಕೆ ನೀರು ಕಂಡರಾಗದು. ಇದು ಗಟ್ಟಿ ಗೋಡೆಯಲ್ಲ, ಎಣ್ಣೆಯಂತೆ ಸರಿದಾಡುವ ಪದರ, ಅದರಲ್ಲಿ ಪ್ರೋಟೀನುಗಳು ತೇಲುತ್ತಿವೆ ಎಂದು 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ವಿವರಿಸಿದರು. ಆ ಪ್ರೋಟೀನುಗಳಲ್ಲಿ ಕೆಲವು ಬಾಗಿಲುಗಳು. ಆಮ್ಲಜನಕ ಯಾರನ್ನೂ ಕೇಳದೆ ಒಳಗೆ ಬರುತ್ತದೆ, ಮನೆಯ ಮಗನ ಹಾಗೆ. ಉಪ್ಪು, ಸಕ್ಕರೆಗಳು ಮಾತ್ರ ತಮಗೆಂದು ಇಟ್ಟ ಬಾಗಿಲಲ್ಲೇ ಬರಬೇಕು. ಸೋರಿ ಒಳಬಂದ ಸೋಡಿಯಂ ಅನ್ನು ಹೊರದಬ್ಬಲು ಒಂದು ಪಂಪು ಬೇರೆ: 3 ಸೋಡಿಯಂ ಹೊರಕ್ಕೆ, 2 ಪೊಟ್ಯಾಸಿಯಂ ಒಳಕ್ಕೆ. ನಾವು ಸುಮ್ಮನೆ ಮಲಗಿದ್ದರೂ ದೇಹದ ಶಕ್ತಿಯಲ್ಲಿ ಸುಮಾರು ಐದನೇ ಒಂದು ಪಾಲು ಈ ಕೆಲಸಕ್ಕೇ ಖರ್ಚು!

ನನ್ನ ಸೊಸೆ ಆಫೀಸಿನಿಂದ ಬಂದವಳೇ ಅರ್ಧ ಗಂಟೆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ. ನನ್ನ ಅಕ್ಕನಿಗೆ ಅದು ಸರಿಬರದು. “ಮನೆ ಹೆಂಗಸಿಗೆ ಬಾಗಿಲು ಯಾಕೇ? ಬಾಗಿಲು ಹಾಕ್ಕೊಂಡೋರಿಗೆ ಪಕ್ಕದ ಮನೆ ಅಳು ಕೇಳ್ಸುತ್ತಾ?” ಎನ್ನುತ್ತಾಳೆ. ಈ ಮಾತನ್ನು ತಳ್ಳಿಹಾಕಲಾರೆ. ಹನ್ನೆರಡು ಜನರ ಸಂಸಾರದಲ್ಲಿ ಎಲ್ಲರ ಹಸಿವು, ಎಲ್ಲರ ಸಿಟ್ಟು ಅವಳೊಳಗೇ ಹಾದುಹೋದವು. ಭೂಮಿತಾಯಿ ಎಂದು ಹೊಗಳಿದರು. ನಲವತ್ತಕ್ಕೇ ಬಿ.ಪಿ. ಮಾತ್ರೆ. ಹೆಣ್ಣಿನ ಒಳ್ಳೆಯತನವೆಂದರೆ ತಡೆಯೇ ಇಲ್ಲದಿರುವುದೇ?

ಬಾಗಿಲು ಮುಚ್ಚಲಾಗದೆ ಹೋದರೆ ಏನಾದೀತು ಎಂಬುದನ್ನು ಕಾಲರಾ ತೋರಿಸುತ್ತದೆ. ಅದರ ವಿಷ ಕರುಳಿನ ಕೋಶಗಳ ಒಂದು ಬಾಗಿಲನ್ನು ತೆರೆದೇ ಇಡುತ್ತದೆ. ಲವಣ ಹೊರಗೆ ಹರಿಯುತ್ತದೆ, ಅದರ ಬೆನ್ನಿಗೇ ನೀರು. ಗಂಟೆಗಳಲ್ಲಿ ಪ್ರಾಣ ಹೋಗಬಹುದು. 1971ರಲ್ಲಿ ಬಂಗಾಳದ ಬನಗಾಂವ್‌ನ ನಿರಾಶ್ರಿತರ ನಡುವೆ ಕಾಲರಾ ಹರಡಿ, ಡ್ರಿಪ್ ಸಾಲದಾದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಸಕ್ಕರೆ ಬೆರೆಸಿದ ನೀರನ್ನು ಕುಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಬರಿಯ ಉಪ್ಪುನೀರಿನಿಂದ ಇದು ಆಗುತ್ತಿರಲಿಲ್ಲ. ಕರುಳಿನ ಪೊರೆಯಲ್ಲಿ ಇನ್ನೊಂದು ಬಾಗಿಲಿದೆ. ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ಬಂದರಷ್ಟೇ ಅದು ಒಳಗೆ ಬಿಡುತ್ತದೆ. ಕಾಲರಾ ಅದನ್ನು ಕೆಡಿಸಿರುವುದಿಲ್ಲ. ಆ ಒಂದು ಬಾಗಿಲಿನಿಂದ ಎಷ್ಟು ಮಕ್ಕಳು ಉಳಿದರೋ!

ಹಾಗೆಂದು ಪೂರ್ತಿ ಮುಚ್ಚಿಕೊಂಡ ಕೋಶವೂ ಬದುಕದು. ಅಕ್ಕನಿಗೆ ಇದನ್ನೆಲ್ಲ ಹೇಳಿದೆ. ಗಮನವಿಟ್ಟು ಕೇಳಿದಳು. ಕೊನೆಗೆ, “ಅದೆಲ್ಲ ಸರಿ ಕಣೇ, ಆ ಅರ್ಧ ಗಂಟೆ ಒಲೆ ಮುಂದೆ ಯಾರು ನಿಲ್ತಾರೆ?” ಎಂದಳು. ಇದಕ್ಕೆ ಪಾಠದಲ್ಲಿ ಉತ್ತರವಿರಲಿಲ್ಲ. ಈಚೆಗೆ ಆ ಹೊತ್ತಿನ ಕಾಫಿಯನ್ನು ನನ್ನ ಮಗ ಮಾಡುತ್ತಾನೆ. ಡಿಕಾಕ್ಷನ್ ತೆಳು. ಅಕ್ಕ ಬಂದಾಗ ಗೊಣಗುತ್ತಲೇ ಎರಡು ಲೋಟ ಕುಡಿಯುತ್ತಾಳೆ.