ಬಲ್ಲವನು ಸುಮ್ಮನಿರಬಹುದೋ?

2021ನೇ ಇಸವಿ ಜನವರಿ 21ನೇ ತಾರೀಖಿನ ರಾತ್ರಿಯನ್ನು ಶಿವಮೊಗ್ಗ, ಭದ್ರಾವತಿ ಸೀಮೆಯವರಲ್ಲಿ ಮರೆತವರು ಯಾರು? ಮಲಗುವ ಹೊತ್ತಿಗೆ ನೆಲವು ನಡುಗಿ, ಕಿಟಕಿಯ ಗಾಜುಗಳು ಒಡೆದು, ಜನರು ಮಕ್ಕಳನ್ನೆತ್ತಿಕೊಂಡು ಬೀದಿಗೆ ಓಡಿಬಂದರು. ಭೂಕಂಪವೆಂದೇ ಎಲ್ಲರೂ ಅಂದರು. ಹುಣಸೋಡಿನ ಕಲ್ಲುಗಣಿಯ ಬಳಿ ಲಾರಿಯಲ್ಲಿದ್ದ ಸಿಡಿಮದ್ದು ಸಿಡಿದು ಕೂಲಿಯಾಳುಗಳು ಸತ್ತರೆಂಬದು ತರುವಾಯ ತಿಳಿದುಬಂತು. ಲಾರಿಗೆ ತುಂಬಿದವರು ಅದು ಏನೆಂದು ಬಲ್ಲರು. ಸುತ್ತಲಿನ ಊರವರು ಅರಿಯರು.

ಒಂದು ಲಾರಿಯ ಮದ್ದಿಗೆ ಇಷ್ಟಾಯಿತು. 1945ನೇ ಇಸವಿ ಆಗಸ್ಟ್ 6ರಂದು ಹಿರೋಶಿಮಾ ಪಟ್ಟಣದ ಮೇಲೆ ಬಿದ್ದ ಒಂದೇ ಬಾಂಬಿನ ಬಲವು ಸುಮಾರು 15,000 ಟನ್ ಸಿಡಿಮದ್ದಿಗೆ ಸಮ. ಹತ್ತು ಟನ್ ಹೊರುವ ಲಾರಿಗಳಾದರೆ 1,500. ಇದಲ್ಲದೆ ಕಣ್ಣಿಗೆ ಕಾಣದ ವಿಕಿರಣವು ಬದುಕಿ ಉಳಿದವರನ್ನೂ ವರುಷಗಟ್ಟಲೆ ಕಾಡಿತು. ಇಂಥಾದ್ದನ್ನು ಬಲ್ಲ ವಿಜ್ಞಾನಿಗೆ ನಮ್ಮಂಥ ಅರಿಯದವರ ಋಣವೇನಾದರೂ ಉಂಟೋ?

ಕಮ್ಮಾರನು ಕತ್ತಿ ಮಾಡುವನು, ಕೊಂಡವನು ಹುಲ್ಲು ಕೊಯ್ದರೂ ಕುತ್ತಿಗೆ ಕೊಯ್ದರೂ ಅವನು ಹೊಣೆಯಲ್ಲ ಎಂದು ಕೆಲವರು ವಾದಿಸುವರು. ಆದರೆ ಕತ್ತಿಯು ಏನು ಮಾಡಬಲ್ಲದೆಂದು ಕಮ್ಮಾರನಷ್ಟೇ ನಾವೂ ಬಲ್ಲೆವು. ಅಣುಬಾಂಬಿನ ವಿಷಯವು ಹಾಗಲ್ಲ. ನಮ್ಮ ಗದ್ದೆಗಳಲ್ಲಿ ರಾತ್ರಿ ಅಟ್ಟಣೆ ಹತ್ತಿ ಕೂತವನು ಕಾಡುಹಂದಿಯನ್ನು ಸಾಕಿದವನಲ್ಲ. ಆದರೂ ಕಂಡು ಕೂಗದಿದ್ದರೆ ಬೆಳಗಾದ ಮೇಲೆ ಊರವರು ಅವನನ್ನೇ ಕೇಳುವರಷ್ಟೆ. ಯೆಹೆಜ್ಕೇಲನ ಪುಸ್ತಕದ ಕಾವಲುಗಾರನನ್ನು ವಾಚಕರು ಇಲ್ಲಿ ನೆನಸಿಯಾರು.

ಬಾಂಬಿನ ಕೆಲಸದಲ್ಲಿ ಸ್ವತಃ ಪಾಲುಳ್ಳವನು ಎಚ್ಚರಿಸಬಹುದೋ? ಬಹುದು ಎಂದೇ ನಮ್ಮ ಎಣಿಕೆ. ಬಾಂಬಿನ ಕಾರ್ಯಕ್ಕೆ ಅಮೇರಿಕದ ಸರಕಾರವನ್ನು ಪ್ರೇರಿಸಿದ 1939ರ ಪತ್ರಕ್ಕೆ ಸಹಿ ಮಾಡಿದ ಐನ್‌ಸ್ಟೈನರೇ, ತಾವು ಸಾಯುವ ಕೆಲವು ದಿನಗಳ ಮುಂಚೆ ಇನ್ನೊಂದಕ್ಕೆ ಸಹಿ ಮಾಡಿದರು. ಅಣುಯುದ್ಧದ ವಿಷಯವಾಗಿ ಲೋಕವನ್ನು ಎಚ್ಚರಿಸುವ ಆ ಪತ್ರವು 11 ಮಂದಿಯ ಹೆಸರಿನಿಂದ 1955ನೇ ಇಸವಿ ಜುಲೈ 9ರಂದು ಲಂಡನ್ನಿನಲ್ಲಿ ಹೊರಟಿತು. ಹಿರೋಶಿಮಾದವರ ಪಾಲಿಗೆ ಅದು ತಡವಾಯಿತು.

ನಮ್ಮ ನಾಡಿಗೆ ಬರೋಣ. 1974ನೇ ಇಸವಿ ಮೇ 18ರ ಪೊಖ್ರಾನ್ ಪರೀಕ್ಷೆಯನ್ನು ನಡೆಸಿದವರಲ್ಲಿ ತಿಪಟೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣನವರು ಮುಖ್ಯರು. ದೇಶದ ಬಲಕ್ಕೆ ಇದು ಬೇಕೆಂಬವರ ಮಾತನ್ನು ನಾವು ತಿರಸ್ಕರಿಸಲಾರೆವು. ನೆರೆಯವನು ದೊಣ್ಣೆ ಹಿಡಿದಿರುವಾಗ ಬರಿಗೈಯಲ್ಲಿ ನಿಲ್ಲೆಂದು ಮತ್ತೊಬ್ಬನಿಗೆ ಹೇಳುವದು ಸುಲಭವಲ್ಲ. ಅದೇ 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳ ಉಪಯೋಗಕ್ಕಾಗಿ 'ಅಸ್ತ್ರ' ಎಂಬ ಕೇಂದ್ರವನ್ನು ಆರಂಭಿಸಿದರು. ಸೌದೆಯನ್ನು ಉಳಿಸಿ ಹೊಗೆಯನ್ನು ಹೊರಗೆ ಕಳುಹಿಸುವ ಅಸ್ತ್ರ ಒಲೆಯು ಅಲ್ಲಿಂದಲೇ ಬಂದದ್ದು. ಹೆಸರು ಅಸ್ತ್ರ, ಕೆಲಸವು ಅನ್ನ ಬೇಯಿಸುವದು! 1998ರ ಮೇ ತಿಂಗಳಲ್ಲಿ ಪೊಖ್ರಾನಿನಲ್ಲಿ ತಿರಿಗಿ ಪರೀಕ್ಷೆಗಳಾದಾಗ ಸಿಹಿ ಹಂಚಿದರು; ಬಾಲಕರಾಗಿದ್ದ ನಾವೂ ಸಂತೋಷದಿಂದ ಕೈಯೊಡ್ಡಿದೆವು. ಅಣ್ವಸ್ತ್ರವು ಅಧರ್ಮವೆಂದು ರೆಡ್ಡಿಯವರು ಬಹಿರಂಗವಾಗಿ ಬರೆದದ್ದು ಆ ಸಂಭ್ರಮದ ಕಾಲದಲ್ಲಿಯೇ. ಅಂಥಾ ವೇಳೆಯಲ್ಲಿ ಬೇಡವೆಂದವನಿಗೆ ದೇಶದ್ರೋಹಿಯೆಂಬ ಹೆಸರು ಬರಲು ಎಷ್ಟು ಹೊತ್ತು ಬೇಕು?

ಎಚ್ಚರಿಕೆಯು ಇಂಗ್ಲಿಷಿನಲ್ಲಿ ಪಂಡಿತರ ನಡುವೆಯೇ ನಿಂತರೆ ಗದ್ದೆಯ ಕೆಲಸದವನಿಗೆ ಅದು ಮುಟ್ಟುವದು ಹೇಗೆ? ನಮ್ಮ ಸಭೆಗಳ ಮಕ್ಕಳೂ ಈಗ ವಿಜ್ಞಾನವನ್ನೋದಲು ಪಟ್ಟಣಗಳಿಗೆ ಹೋಗುತ್ತಾರೆ. ಅವರು ರಜೆಗೆ ಮನೆಗೆ ಬಂದಾಗ, ತಾವು ಅಲ್ಲಿ ಕಲಿತದ್ದರಲ್ಲಿ ನಾವು ಹೆದರತಕ್ಕದ್ದೇನಾದರೂ ಇದ್ದರೆ, ಜಗಲಿಯ ಮೇಲೆ ಕೂತು ನಮಗೆ ತಿಳಿಯುವ ಮಾತಿನಲ್ಲಿ ಹೇಳಲಿ. ನಾವು ಕೋಪಿಸಿಕೊಂಡರೂ ಹೇಳಲಿ.